ಕಲಾವಿದ್ಯಾರ್ಥಿಯೂ ಮುಕ್ತ ತಂತ್ರಾಂಶವೂ

ತಂತ್ರಾಂಶವೆಂದೊಡನೆ ಅದು ವಿಜ್ಞಾನದವರ ಸೊತ್ತು, ಅಲ್ಲಿ ನಮಗೇನು ಕೆಲಸವೆಂದು ಕಲಾವಿಭಾಗದ ಸಹಪಾಠಿಗಳು ಹಿಂಜರಿಯುವುದುಂಟು. ಈ ಹಿಂಜರಿಕೆಗೆ ಆಧಾರವಿಲ್ಲವೆಂದು ಅನುಭವದಿಂದ ತಿಳಿದಿರುವುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಮುಕ್ತ ತಂತ್ರಾಂಶವೆಂದರೆ ಬರಿಯ ಬಿಟ್ಟಿ ತಂತ್ರಾಂಶವಲ್ಲ. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಈ ಹಕ್ಕನ್ನು ಅದರ ಪರವಾನಗಿಯೇ ಕೊಡುತ್ತದೆ. 1991ರಲ್ಲಿ ಲಿನಕ್ಸನ್ನು ಲೋಕಕ್ಕೆ ನೀಡಿದ ಲಿನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮೊದಲಾದುವು ಇಂದು ಕನ್ನಡದಲ್ಲಿಯೂ ದೊರೆಯುತ್ತವೆ. ಇಂಥ ಅನುವಾದದಲ್ಲಿ ಸಂಬಳವಿಲ್ಲದೆ ದುಡಿದವರು ಅನೇಕರು. ನಾನು ಕೈಹಾಕಿದ್ದೂ ಈ ಕೆಲಸಕ್ಕೇ.

ಪರದೆಯ ಮೇಲೆ ಇಂಗ್ಲಿಷ್ ವಾಕ್ಯವೊಂದು ಬರುತ್ತದೆ. ಅದರೆದುರು ಕನ್ನಡವನ್ನು ಬರೆದು ಸೂಚನೆಯಾಗಿ ಕಳುಹಿಸಬೇಕು. ಅನುಭವಸ್ಥರೊಬ್ಬರು ಪರಿಶೀಲಿಸಿ ಒಪ್ಪುತ್ತಾರೆ, ಇಲ್ಲವೆ ಪ್ರಶ್ನೆ ಹಾಕಿ ಹಿಂದಿರುಗಿಸುತ್ತಾರೆ. ನೋಡುವುದಕ್ಕೆ ಸುಲಭ. ಆದರೆ ‘ಓಪನ್’ ಎಂಬ ಒಂದೇ ಪದ ಒಂದೆಡೆ ‘ತೆರೆ’ ಎಂಬ ಆಜ್ಞೆ, ಇನ್ನೊಂದೆಡೆ ‘ತೆರೆದಿದೆ’ ಎಂಬ ವರದಿ. ಅದು ಎಲ್ಲಿ ಬರುತ್ತದೆಂದು ನೋಡದೆ ನಿಘಂಟನ್ನು ಹಿಡಿದು ಕುಳಿತರೆ ಪ್ರಯೋಜನವಿಲ್ಲ.

ಇದಕ್ಕಿಂತ ಸ್ವಾರಸ್ಯವಾದುದು ವಿಭಕ್ತಿಯ ತೊಡಕು. ತಂತ್ರಾಂಶವನ್ನು ಬರೆದವನು ಊರಿನ ಹೆಸರಿಗೆ ಖಾಲಿ ಜಾಗ ಬಿಟ್ಟು, ಅದರ ಹಿಂದೆ ‘ಟು’ ಎಂದು ಬರೆದು ನಿಶ್ಚಿಂತನಾಗುತ್ತಾನೆ. ಯಾವ ಊರು ಬಂದರೂ ಅವನ ವಾಕ್ಯ ಕೆಡುವುದಿಲ್ಲ. ನಮ್ಮ ಬಸ್ಸಿನ ದಾರಿಯನ್ನೇ ನೋಡಿ: ಕೌದಳ್ಳಿಗೆ, ಹನೂರಿಗೆ, ಕೊಳ್ಳೇಗಾಲಕ್ಕೆ. ಊರು ಮೂರು, ರೂಪವೂ ಮೂರು! ಖಾಲಿ ಜಾಗದ ಮುಂದೆ ‘ಗೆ’ ಎಂದು ಅಂಟಿಸಿದರೆ ಕೌದಳ್ಳಿಯೊಂದು ಉಳಿದೀತು. ‘ಹನೂರುಗೆ’, ‘ಕೊಳ್ಳೇಗಾಲಗೆ’ ಎಂದು ಯಂತ್ರವು ತೊದಲುತ್ತದೆ. ‘ಎಂಬಲ್ಲಿಗೆ’ ಎಂದು ಬರೆಯಬಹುದು. ತುಸು ಬಿಗಿಯಾದರೂ ತಪ್ಪಲ್ಲ. ‘ತಲಪುವ ಸ್ಥಳ’ ಎಂದು ಬರೆದು, ಎರಡು ಚುಕ್ಕೆಯಿಟ್ಟು, ಹೆಸರನ್ನು ಹಾಗೆಯೇ ಬಿಡುವುದು ನನಗೆ ಮೆಚ್ಚು. ಕೇಶಿರಾಜನ ನಾಮಪ್ರಕರಣವನ್ನು ಪರೀಕ್ಷೆಗೆಂದೇ ಓದಿದವರಿಗೂ ಇಲ್ಲಿ ಕೆಲಸವಿದೆ.

ಇದು ಪಂಡಿತರ ಹಟವೆಂದು ಯಾರೂ ಭಾವಿಸಬಾರದು. ಫೋನನ್ನು ಕನ್ನಡಕ್ಕೆ ಹಾಕಿಕೊಂಡು, ಓದಿದರೆ ಅರ್ಥವಾಗದೆ ಮತ್ತೆ ಇಂಗ್ಲಿಷಿಗೆ ತಿರುಗಿಸಿದವರು ನಮ್ಮೂರಿನಲ್ಲಿ ಇದ್ದಾರೆ. ಇಂಗ್ಲಿಷ್ ಬಲ್ಲವರಿಗೆ ಆ ದಾರಿಯುಂಟು. ನನ್ನ ತಾಯಿಗೆ ಇಲ್ಲ. ಹಣ ಕಳುಹಿಸುವಾಗ ಪರದೆ ಏನು ಕೇಳುತ್ತಿದೆಯೆಂದು ಅವರು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಗುತ್ತದೆ.

ಆರಂಭಿಸುವವರಿಗೆ ಒಂದು ಮಾತು. ಯಂತ್ರಾನುವಾದವನ್ನು ತಂದು ಸುರಿಯಬೇಡಿ. ಅದನ್ನು ತಿದ್ದುವ ಹೊರೆ ಪರಿಶೀಲಕರ ಮೇಲೆ ಬೀಳುತ್ತದೆ. ದಿನಕ್ಕೆ ಐದು ವಾಕ್ಯ ಸಾಕು. ಅನುವಾದ ಒಗ್ಗದವರು ದೋಷವನ್ನಾದರೂ ವರದಿ ಮಾಡಬಹುದು: ಯಾವ ಆವೃತ್ತಿ, ಏನನ್ನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದರೆ ಸಾವಿರ ಮೈಲಿ ಆಚೆ ಕುಳಿತವನು ಏನು ತಾನೇ ತಿದ್ದಿಯಾನು? ಅದೇ ದೋಷ ಅವನ ಯಂತ್ರದಲ್ಲಿಯೂ ಕಾಣಿಸಿಕೊಳ್ಳುವಂತೆ ನೀವು ಬರೆದಿದ್ದರೆ, ಅರ್ಧ ರಿಪೇರಿ ಆದಂತೆಯೇ.