ಕಾದಂಬರಿಯ ಊರು, ಕ್ಯಾಮೆರಾದ ಊರು

ಬ್ರಿಟನ್ನಿನ ಟಿವಿಯಲ್ಲಿ ಎಂದೂ ಹಳತಾಗದ ಒಂದು ಬಗೆಯ ಕಾರ್ಯಕ್ರಮವಿದೆ. ಹೆಸರು ಬದಲಾಗುತ್ತದೆ, ನಿರೂಪಕರು ಬದಲಾಗುತ್ತಾರೆ, ಹೂರಣ ಮಾತ್ರ ಅದೇ. ಪ್ರಸಿದ್ಧ ಕಾದಂಬರಿಯ ಜಾಡು ಹಿಡಿದು ಅದು ಹುಟ್ಟಿದ ಊರಿಗೆ ಹೋಗುವುದು. ಲೇಖಕರ ಮನೆ, ಮೇಜು, ಕಿಟಕಿ ತೋರಿಸುವುದು. ಆಮೇಲೆ ಡ್ರೋನ್ ಮೇಲೇರಿ ಗುಡ್ಡ, ಕಡಲು, ಮಂಜು. ನೋಡುವುದಕ್ಕೆ ಸೊಗಸು, ಅನುಮಾನವಿಲ್ಲ. ಆದರೆ ಲೇಖಕರು ಕಂಡದ್ದನ್ನೇ ಇವತ್ತು ನಾವೂ ಕಾಣುತ್ತೇವೆ, ಪುಸ್ತಕದ ಗುಟ್ಟು ಆ ನೋಟದಲ್ಲೇ ಇದೆ ಎಂಬ ನಂಬಿಕೆಯ ಮೇಲೆ ಇವೆಲ್ಲ ನಿಂತಿವೆಯಷ್ಟೆ, ಅದನ್ನು ಕೊಂಚ ಕೆದಕಿ ನೋಡಬೇಕು.

ಡಾಫ್ನೆ ಡು ಮಾರಿಯೆ ಬರೆದ 'ರೆಬೆಕಾ' (1938) ಎಂದ ಕೂಡಲೇ ಕ್ಯಾಮೆರಾ ಕಾರ್ನ್‌ವಾಲ್‌ನ ಕರಾವಳಿಗೆ ಓಡುತ್ತದೆ. ಕಥೆಯ ಮ್ಯಾಂಡರ್ಲಿ ಬಂಗಲೆಗೆ ಅಲ್ಲಿನ ಮೆನಬಿಲಿ ಎಂಬ ಮನೆ ಪ್ರೇರಣೆಯೆಂಬುದು ನಿಜ. ಆದರೆ ಲೇಖಕಿ ಆ ಪುಸ್ತಕಕ್ಕೆ ಕೈಹಾಕಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಸೈನ್ಯಾಧಿಕಾರಿ ಗಂಡನ ಜೊತೆಗಿದ್ದಾಗ, ಸುಡುವ ಸೆಕೆಯಲ್ಲಿ ಊರನ್ನು ನೆನೆಯುತ್ತ. ಮೆನಬಿಲಿಯಲ್ಲಿ ವಾಸಕ್ಕೆ ಹೋದದ್ದು 1943ರಲ್ಲಿ, ಕಾದಂಬರಿ ಬಂದು ಐದು ವರ್ಷಗಳಾದ ಮೇಲೆ. ಕಿಪ್ಲಿಂಗ್ ಇನ್ನೂ ವಿಚಿತ್ರ. 'ಜಂಗಲ್ ಬುಕ್'ನ ಕಾಡು ಮಧ್ಯಪ್ರದೇಶದ ಸಿವನಿಯದು; ಅವರು ಅದನ್ನು ಬರೆದದ್ದು ಹಿಮ ಬೀಳುವ ಅಮೆರಿಕದ ವರ್ಮಾಂಟ್‌ನಲ್ಲಿ, ಸಿವನಿಗೆ ಅವರು ಕಾಲಿಟ್ಟವರೇ ಅಲ್ಲ ಎನ್ನುತ್ತಾರೆ ಬಲ್ಲವರು. ಇಂಥ ಪುಸ್ತಕಗಳನ್ನು ಬರೆಸಿದ್ದು ಕಣ್ಣೆದುರಿನ ಜಾಗಕ್ಕಿಂತ ಹೆಚ್ಚಾಗಿ ಕಣ್ಣೆದುರಿಗೆ ಇಲ್ಲದ ಜಾಗ. ಅದನ್ನು ಡ್ರೋನಿನಿಂದ ಹಿಡಿಯುವುದು ಹೇಗೆ?

ಎಮಿಲಿ ಬ್ರಾಂಟಿಯ ಉದಾಹರಣೆ ಕೊಟ್ಟು ಇದಕ್ಕೆ ಎದುರುತ್ತರ ಹೇಳಬಹುದು, ಮತ್ತು ಅದು ಬಲವಾದ ಉತ್ತರವೇ. 1835ರಲ್ಲಿ ಓದಲು ಹೊರಗೆ ಹೋದ ಆಕೆ ಹಾವರ್ತ್ ಊರಿನ ಹಂಬಲದಿಂದಲೇ ಕಾಯಿಲೆ ಬಿದ್ದು ಕೆಲವೇ ತಿಂಗಳಲ್ಲಿ ಮರಳಿದಳು. ಯಾರ್ಕ್‌ಷೈರಿನ ಆ ಬೋಳುಗುಡ್ಡಗಳಿಲ್ಲದೆ 'ವದರಿಂಗ್ ಹೈಟ್ಸ್' ಇಲ್ಲ. ಒಪ್ಪೋಣ. ಆದರೆ ಯಾವ ಹಾವರ್ತ್? ಎಲ್ಲ ಕಾರ್ಯಕ್ರಮಗಳೂ ಹತ್ತುವ ಟಾಪ್ ವಿದೆನ್ಸ್ ಎಂಬ ಪಾಳುಮನೆಯ ಗೋಡೆಯಲ್ಲಿ ಬ್ರಾಂಟಿ ಸೊಸೈಟಿ 1964ರಲ್ಲಿ ಹಾಕಿದ ಫಲಕವಿದೆ. ಈ ಕಟ್ಟಡ ಪೂರ್ತಿಯಿದ್ದಾಗಲೂ ಕಾದಂಬರಿಯ ಮನೆಯನ್ನು ಹೋಲುತ್ತಿರಲಿಲ್ಲ, ಸುತ್ತಲ ಸನ್ನಿವೇಶ ಮಾತ್ರ ಲೇಖಕಿಯ ಮನಸ್ಸಿನಲ್ಲಿ ಇದ್ದಿರಬಹುದು ಎಂದು ಅದೇ ಹೇಳುತ್ತದೆ. (ಫಲಕದ ಪ್ರಾಮಾಣಿಕತೆ ನಿರೂಪಕರಿಗೂ ಬಂದರೆ ಚೆನ್ನ.) ಹಾವರ್ತ್‌ನ ನಿಜವಾದ ದಾಖಲೆ ಬೇರೆ ಇದೆ. 1850ರಲ್ಲಿ ಬೆಂಜಮಿನ್ ಬ್ಯಾಬೇಜ್ ಎಂಬ ಸರ್ಕಾರಿ ತನಿಖಾಧಿಕಾರಿ ಕೊಟ್ಟ ವರದಿಯ ಪ್ರಕಾರ ಅಲ್ಲಿ ಸಾಯುವವರ ಸರಾಸರಿ ವಯಸ್ಸು 25.8 ವರ್ಷ, ನೂರಕ್ಕೆ 41ಕ್ಕೂ ಹೆಚ್ಚು ಮಕ್ಕಳು ಆರು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಚರಂಡಿಯಿಲ್ಲ, ಕುಡಿಯುವ ನೀರು ಹೊಲಸು, ಎಮಿಲಿಯಿದ್ದ ಪಾದ್ರಿಯ ಮನೆಗೆ ಒತ್ತಿಕೊಂಡೇ ಕಿಕ್ಕಿರಿದ ಸ್ಮಶಾನ. ಸತ್ತವಳು ಕಿಟಕಿ ಬಡಿಯುವ ಕಥೆ ಆ ಮನೆಯಿಂದ ಬಂದದ್ದು ಬರೀ ಗಾಳಿ, ಗುಡ್ಡಗಳ ದೆಸೆಯಿಂದಲ್ಲ. ಇಂದಿನ ಹಾವರ್ತ್‌ನಲ್ಲಿ ಅಚ್ಚುಕಟ್ಟಾದ ಕಲ್ಲುಬೀದಿ, ಚಹಾ ಅಂಗಡಿಗಳಿವೆ.

ಇಂಥ ಕಾರ್ಯಕ್ರಮ ನೋಡಿ ಹತ್ತು ಜನ ಪುಸ್ತಕ ಕೈಗೆತ್ತಿಕೊಂಡರೆ ಸಾಲದೇ ಎನ್ನುವವರಿದ್ದಾರೆ. ಸಾಲದು ಎನ್ನಲಾರೆ, ಆದರೆ ಇದನ್ನೇ ಚೆನ್ನಾಗಿ ಮಾಡಬಹುದೆಂಬುದಕ್ಕೂ ಸಾಕ್ಷಿಯಿದೆ. ಇತಿಹಾಸಕಾರ್ತಿ ಲೂಸಿ ವರ್ಸ್ಲಿ 2017ರಲ್ಲಿ ಬಿಬಿಸಿಗಾಗಿ ಜೇನ್ ಆಸ್ಟಿನ್ ಬಗ್ಗೆ ಮಾಡಿದ ಕಾರ್ಯಕ್ರಮದಲ್ಲಿ ದೃಶ್ಯಾವಳಿಗಿಂತ ಆಕೆಯ ಮನೆಗಳನ್ನು ಹಿಂಬಾಲಿಸಿದರು. ಮನೆಗಳ ಲೆಕ್ಕ ತೆಗೆದರೆ ಬೇರೆಯೇ ಚಿತ್ರ ಬರುತ್ತದೆ. ಆಸ್ಟಿನ್ ಹೆಸರಿನಲ್ಲಿ ಇಂದು ಮೆರೆಯುವ ಬಾತ್ ನಗರದಲ್ಲಿ ಆಕೆ ಐದು ವರ್ಷ ಇದ್ದಳು. ಅಲ್ಲಿ ಹೊಸದಾಗಿ ಶುರುಮಾಡಿದ ಕಾದಂಬರಿ ಅರ್ಧಕ್ಕೇ ನಿಂತಿತು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಹಳ್ಳಿಯಲ್ಲಿ ಒಂದು ಸಾಧಾರಣ ಮನೆ ಬಿಟ್ಟುಕೊಟ್ಟ. ಎರಡು ವರ್ಷಕ್ಕೆ ಮೊದಲ ಪುಸ್ತಕ ಅಚ್ಚಾಯಿತು, 1815 ಮುಗಿಯುವಷ್ಟರಲ್ಲಿ ನಾಲ್ಕು. ಚಾಟನ್‌ನಲ್ಲಿ ಬೆರಗಾಗುವಂಥ ನೋಟವೇನೂ ಇಲ್ಲ. ಮದುವೆಯಾಗದ, ಸ್ವಂತ ಆದಾಯವಿಲ್ಲದ ಹೆಣ್ಣಿಗೆ ಅಲ್ಲಿ ಸಿಕ್ಕಿದ್ದು ಯಾರೂ ಎಬ್ಬಿಸದ ಒಂದು ಸೂರು.