ಮೋಡೆಮ್‌ನ ಡಿಪ್ ಸ್ವಿಚ್ ಮತ್ತು ಸ್ಮೃತಿ: ವಿದ್ಯುತ್ ಮರಳಿದಾಗ ಯಾವುದು ಜಾರಿಗೆ ಬರುತ್ತದೆ?

ಭಾರತದಲ್ಲಿ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. ಮುಂದಿನ ದಶಕದಲ್ಲಿ ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಉದ್ದಿಮೆಗಳಿಗೆ ಡಯಲ್-ಅಪ್ ಮೋಡೆಮ್ ಪರಿಚಿತ ಸಾಧನವಾಯಿತು. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಆರಂಭವಾದ ಬಳಿಕ ಅದು ಕಚೇರಿಗಳಿಂದ ಕ್ರಮೇಣ ಮರೆಯಾಯಿತು. ಆದರೂ ಹಳೆಯ ಯಂತ್ರವನ್ನು ಕೊಳ್ಳುವವರಿಗೆ ಅದರೊಡನೆ ಇಂತಹ ಮೋಡೆಮ್ ದೊರೆಯುವುದುಂಟು. ದೂರದ ಜನರೇಟರ್ ಅಥವಾ ಮೀಟರ್‌ಗೆ ಜೋಡಿಸುವ ಜಿ.ಎಸ್.ಎಂ. ಮೋಡೆಮ್ ಕೂಡ, ಹೇಯ್ಸ್ ಕಂಪೆನಿಯು 1981ರಲ್ಲಿ ರೂಢಿಗೆ ತಂದ ‘ಎಟಿ’ ಆಜ್ಞೆಗಳ ಪದ್ಧತಿಯನ್ನೇ ಅನುಸರಿಸುತ್ತದೆ.

ವಿದ್ಯುತ್ ಹೋಗಿ ಬಂದೊಡನೆ, ಅದುವರೆಗೆ ಸರಿಯಾಗಿದ್ದ ಮೋಡೆಮ್ ಕರೆಗೆ ಉತ್ತರಿಸದಿದ್ದರೆ ಅದು ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಬಹುಮಟ್ಟಿಗೆ ದೋಷವಿರುವುದು ಹೊಂದಾಣಿಕೆಯಲ್ಲಿ.

ಹೊಂದಾಣಿಕೆಯ ಮೂರು ನೆಲೆಗಳು

ಮೊದಲನೆಯದು ಚಾಲನೆಯಲ್ಲಿರುವ ಸ್ಮೃತಿ. ವಿದ್ಯುತ್ ಹೋದೊಡನೆ ಇದು ಅಳಿಯುತ್ತದೆ. ಎರಡನೆಯದು ವಿದ್ಯುತ್ ಇಲ್ಲದೆಯೂ ಉಳಿಯುವ ಶಾಶ್ವತ ಸ್ಮೃತಿ. ಮೂರನೆಯದು ಪೆಟ್ಟಿಗೆಯ ಮೇಲಿನ ಡಿಪ್ ಸ್ವಿಚ್‌ಗಳು. ಆಜ್ಞೆ ನೀಡಿದ ಮಾತ್ರಕ್ಕೆ ಹೊಂದಾಣಿಕೆ ಉಳಿಯುವುದಿಲ್ಲ; ‘ಎಟಿ&ಡಬ್ಲ್ಯು’ ಎಂದು ನೀಡಿದಾಗಲೇ ಅದು ಶಾಶ್ವತ ಸ್ಮೃತಿಯನ್ನು ಸೇರುತ್ತದೆ.

ಪರಿಶೀಲಿಸಬೇಕಾದ ಸ್ವಿಚ್‌ಗಳು

ಸ್ವಿಚ್‌ಗಳ ಕ್ರಮ ತಯಾರಕರಿಗೆ ತಕ್ಕಂತೆ ಬೇರೆಯಾಗುತ್ತದೆ. ಎಂಟು ಸ್ವಿಚ್‌ಗಳುಳ್ಳ ಯು.ಎಸ್. ರೋಬೋಟಿಕ್ಸ್ ಸ್ಪೋರ್ಟ್‌ಸ್ಟರ್ ಮಾದರಿಯಲ್ಲಿ ಈ ನಾಲ್ಕು ಮುಖ್ಯವಾದವು:

1. ಏಳನೆಯ ಸ್ವಿಚ್ ಮೇಲಿದ್ದರೆ ನಾವು ಉಳಿಸಿದ ಹೊಂದಾಣಿಕೆ ಜಾರಿಗೆ ಬರುತ್ತದೆ. ಕೆಳಗಿದ್ದರೆ ಕಾರ್ಖಾನೆಯ ಮೂಲ ಹೊಂದಾಣಿಕೆ ಬರುತ್ತದೆ. ಉಳಿಸಿದ್ದೆಲ್ಲ ವ್ಯರ್ಥವಾದಂತೆ ತೋರುವುದು ಹೆಚ್ಚಾಗಿ ಇದರಿಂದಲೇ.

2. ಐದನೆಯದು ಮೇಲಿದ್ದರೆ ಮೋಡೆಮ್ ತಾನಾಗಿ ಕರೆಗೆ ಉತ್ತರಿಸುತ್ತದೆ, ಕೆಳಗಿದ್ದರೆ ಉತ್ತರಿಸುವುದಿಲ್ಲ.

3. ಎಂಟನೆಯದು ಮೇಲಿದ್ದರೆ ಮೋಡೆಮ್ ಯಾವ ಆಜ್ಞೆಯನ್ನೂ ಗುರುತಿಸದು. ಸುಸ್ಥಿತಿಯಲ್ಲಿರುವ ಮೋಡೆಮನ್ನು ಈ ಕಾರಣಕ್ಕಾಗಿಯೇ ಮೂಲೆಗೆ ಸೇರಿಸುವ ಅಪಾಯವಿದೆ.

4. ಒಂದನೆಯದು ಕೆಳಗಿದ್ದರೆ, ಯಂತ್ರದ ಕಡೆಯಿಂದ ‘ಸಿದ್ಧ’ ಎಂಬ ಸಂಕೇತ ಬಾರದಿದ್ದರೂ ಮೋಡೆಮ್ ಕೆಲಸ ಮಾಡುತ್ತದೆ. ಮೂರು ತಂತಿಗಳ ಕೇಬಲ್ ಬಳಸುವ ಹಳೆಯ ನಿಯಂತ್ರಣ ಫಲಕಗಳಿಗೆ ಇದು ಅಗತ್ಯ.

ಸ್ವಿಚ್ ಬದಲಿಸಿದ ಮೇಲೆ ಮೋಡೆಮನ್ನು ಒಮ್ಮೆ ಆರಿಸಿ ಹೊತ್ತಿಸಬೇಕು.

ಅನುಸರಿಸಬಹುದಾದ ಕ್ರಮ

ಕಂಪ್ಯೂಟರಿನ ಟರ್ಮಿನಲ್ ತಂತ್ರಾಂಶದಲ್ಲಿ, ಆಂಗ್ಲ ಅಕ್ಷರಗಳಲ್ಲಿ ಮೊದಲು ‘ಎಟಿ’ ಎಂದು ನೀಡಿ. ‘ಓಕೆ’ ಎಂಬ ಉತ್ತರ ಬರಬೇಕು. ಅನಂತರ ‘ಎಟಿಐ4’ ನೀಡಿದರೆ ಚಾಲ್ತಿಯಲ್ಲಿರುವ ಹೊಂದಾಣಿಕೆಯೂ ‘ಎಟಿಐ5’ ನೀಡಿದರೆ ಉಳಿಸಿರುವ ಹೊಂದಾಣಿಕೆಯೂ ಈ ಮಾದರಿಯಲ್ಲಿ ಕಾಣುತ್ತವೆ. ಎರಡನ್ನೂ ಬರೆದುಕೊಂಡ ಬಳಿಕವೇ ಬದಲಾವಣೆಗೆ ಕೈಹಾಕಿರಿ. ‘ಎಟಿಎಸ್0=2’ ಎಂದರೆ ಎರಡನೆಯ ಗಂಟೆಗೆ ಉತ್ತರಿಸು ಎಂದರ್ಥ. ಕಾರ್ಖಾನೆಯೊಳಗಿನ ಎಕ್ಸ್‌ಚೇಂಜ್ ಮೂಲಕ ಹೊರಗೆ ಕರೆ ಮಾಡಬೇಕಿದ್ದು ಡಯಲ್ ಧ್ವನಿಯನ್ನು ಮೋಡೆಮ್ ಗುರುತಿಸದಿದ್ದರೆ ‘ಎಟಿಎಕ್ಸ್3’ ನೀಡಬಹುದು. ಕೊನೆಗೆ ‘ಎಟಿ&ಡಬ್ಲ್ಯು’ ನೀಡಿ ಉಳಿಸಿರಿ.

ನಿಜವಾದ ಪರೀಕ್ಷೆ ಇನ್ನೂ ಉಳಿದಿದೆ. ಮೋಡೆಮನ್ನು ಆರಿಸಿ, ಮತ್ತೆ ಹೊತ್ತಿಸಿ, ಹೊರಗಿನಿಂದ ಕರೆ ಮಾಡಿ ನೋಡಬೇಕು. ಇದನ್ನು ಬಿಟ್ಟರೆ ಮುಂದಿನ ವಿದ್ಯುತ್ ಕಡಿತದವರೆಗೂ ದೋಷ ಗೋಚರಿಸುವುದಿಲ್ಲ.

ತಾನಾಗಿ ಉತ್ತರಿಸುವ ಮೋಡೆಮ್ ಯಾರ ಕರೆಗಾದರೂ ಉತ್ತರಿಸುತ್ತದೆ ಎಂಬುದನ್ನೂ ಮರೆಯಬಾರದು. ಅದರ ಹಿಂದಿರುವ ಯಂತ್ರಕ್ಕೆ ಗುಪ್ತಪದವಿರಲಿ. ಸ್ವಿಚ್‌ಗಳ ಸ್ಥಾನ, ಉಳಿಸಿದ ಆಜ್ಞೆಗಳು ಮತ್ತು ದಿನಾಂಕವನ್ನು ಬರೆದ ಚೀಟಿಯನ್ನು ಪೆಟ್ಟಿಗೆಯ ಮೇಲೆಯೇ ಅಂಟಿಸಿದರೆ, ಸಿಬ್ಬಂದಿ ಬದಲಾದರೂ ಕೆಲಸ ನಿಲ್ಲುವುದಿಲ್ಲ.