ಗೂಗಲ್ ಖಾತೆ ಇಲ್ಲದೆ ಎಲ್ಲರಿಗೂ ಒಂದೇ ಕ್ಯಾಲೆಂಡರ್ ಸಾಧ್ಯವಿಲ್ಲವೇ?

ಹತ್ತು ಜನರ ಕಂಪ್ಯೂಟರಿನಲ್ಲಿ ಒಂದೇ ಕ್ಯಾಲೆಂಡರ್ ಕಾಣಬೇಕಾದರೆ ಗೂಗಲ್ ಖಾತೆ ಅಥವಾ ದುಡ್ಡು ಕೊಟ್ಟ ಸಾಫ್ಟ್‌ವೇರ್ ಬೇಕೇ ಬೇಕು ಎಂದು ಹಲವರು ನಂಬಿದ್ದಾರೆ. ಇದು ತಪ್ಪು.

ಕ್ಯಾಲೆಂಡರ್ ಹಂಚಿಕೊಳ್ಳಲು ಕ್ಯಾಲ್‌ಡ್ಯಾವ್ ಎಂಬ ಮುಕ್ತ ಮಾನದಂಡ 2007ರಿಂದಲೇ ಇದೆ. ರ‍್ಯಾಡಿಕೇಲ್, ಬೈಕಾಲ್, ನೆಕ್ಸ್ಟ್‌ಕ್ಲೌಡ್ ಇವೆಲ್ಲ ಅದನ್ನು ಪಾಲಿಸುವ ಓಪನ್ ಸೋರ್ಸ್ ಸರ್ವರ್‌ಗಳು, ಉಚಿತವಾಗಿ ಸಿಗುತ್ತವೆ.

ಕಮಲಾಪುರದ ಕೆಂಬಾಳೆ ಬೆಳೆಗಾರರ ಗುಂಪೊಂದಕ್ಕೆ ಕಲಬುರಗಿಯಲ್ಲೂ ಕಚೇರಿ ಇದೆ ಎಂದಿಟ್ಟುಕೊಳ್ಳಿ. ಕಲಬುರಗಿಯ ಹಳೇ ಕಂಪ್ಯೂಟರಿಗೆ ರ‍್ಯಾಡಿಕೇಲ್ ಹಾಕಿ, ಅದನ್ನು ಇಂಟರ್ನೆಟ್ಟಿನಿಂದ ತಲುಪುವಂತೆ ಮಾಡಿ, ಎರಡೂ ಕಡೆ ಥಂಡರ್‌ಬರ್ಡ್‌ನಲ್ಲಿ ಆ ವಿಳಾಸ ಕೊಟ್ಟರಾಯಿತು. ಇಲ್ಲಿ ಕಟಾವಿನ ದಿನ ಬದಲಿಸಿದರೆ ಅಲ್ಲೂ ಬದಲಾಗುತ್ತದೆ. ಐಫೋನಿನಲ್ಲಿ ಈ ಸೌಲಭ್ಯ ಮೊದಲೇ ಇದೆ. ಆಂಡ್ರಾಯ್ಡ್‌ಗೆ ಡ್ಯಾವ್‌ಎಕ್ಸ್5 ಆ್ಯಪ್ ಬೇಕು. ಹೆಚ್ಚಿನವರು ಎಡವುವುದು ಔಟ್‌ಲುಕ್‌ನಲ್ಲಿ. ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ಗೆ ಕ್ಯಾಲ್‌ಡ್ಯಾವ್ ನೇರವಾಗಿ ಬಾರದು, ಪ್ರತ್ಯೇಕ ಆಡ್-ಇನ್ ಹಾಕಬೇಕು.

ಕರೆಂಟ್ ಹೋಗಿ ಸರ್ವರ್ ನಿಂತರೆ? ಥಂಡರ್‌ಬರ್ಡ್‌ನಲ್ಲಿ ಆಫ್‌ಲೈನ್ ಆಯ್ಕೆ ಆನ್ ಇದ್ದರೆ ಹಳೆಯ ನಮೂದುಗಳು ಕಾಣುತ್ತಲೇ ಇರುತ್ತವೆ.

ಆದರೆ 'ಓಪನ್ ಸೋರ್ಸ್ ಅಂದ್ರೆ ತಾನಾಗೇ ಸುರಕ್ಷಿತ' ಎಂಬ ಫಾರ್ವರ್ಡನ್ನೂ ನಾವು ಒಪ್ಪುವುದಿಲ್ಲ. ಪಾಸ್‌ವರ್ಡ್, ಎಚ್‌ಟಿಟಿಪಿಎಸ್, ಬ್ಯಾಕಪ್ ಮೂರೂ ನಿಮ್ಮದೇ ಹೊಣೆ. ರ‍್ಯಾಡಿಕೇಲ್ ಪ್ರತಿ ನಮೂದನ್ನೂ ಸಣ್ಣ ಫೈಲಾಗಿ ಇಡುವುದರಿಂದ, ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದರೂ ಬ್ಯಾಕಪ್ ಆದಂತೆಯೇ.